ಮಡ್ಡಿಯ ಗಾಳಿಕಂಬ – ಒಂಬತ್ತನೆಯ ಕಂತು: ಗಾಳಿ ಬೀಸದ ಸಂಜೆ

ಹೊರಗಿನಿಂದ ಚಿಲಕ ಬಿತ್ತು.

ಗಾಳಿಗೆ ಬಾಗಿಲು ಬಡಿದುಕೊಂಡಿರಬೇಕು ಅಂದುಕೊಂಡೆ. ಗಾಳಿ ಬಾಗಿಲು ಬಡಿಯಬಹುದು, ಚಿಲಕ ಹಾಕಲಾರದು. ಪೊಲೀಸ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ರೈಟರಿಕೆ ಮಾಡಿದ ನನಗೆ ಇಷ್ಟು ಹೊಳೆಯಲು ಅರ್ಧ ನಿಮಿಷ ಹಿಡಿಯಿತು. ನಾಚಿಕೆಯ ಸಂಗತಿ.

"ಸತ್ತೆವ್ವಾ! ಏನ್ ಮಾಡಿದಿ ಬೇ?"

"ಬಾಗಲಾ ಹಾಕೇನಿರಿ." ಹೊರಗಿನ ದನಿಯಲ್ಲಿ ಸಿಟ್ಟಿರಲಿಲ್ಲ, ಕುರಿ ಹಟ್ಟಿಗೆ ಕೂಡುವಾಗಿನ ನಿಧಾನವಿತ್ತು. "ನನ್ನ ಗಂಡನ ಕಾಗದಾ ನೀವ ಬರದ್ರಿ. ಈಗ ಈ ಮಾಸ್ತರನ ಕಾಗದಾನೂ ಬರೀರಿ. ಬರದ ಓದಿ ಹೇಳ್ರಿ, ಆಮ್ಯಾಲ ತಗೀತೇನಿ."

ಮೂರು ದಿನದ ಹಿಂದೆ, ಸೂರ್ಯ ಮುಳುಗುವ ಹೊತ್ತಿಗೆ, ಊರಾಚೆಯ ಬರಡು ದಿಬ್ಬ ಕರೆಮಡ್ಡಿಯ ಮೇಲಿನ ನಲವತ್ತು ಅಡಿ ಕಬ್ಬಿಣದ ಕಂಬ ಉರುಳಿ, ಅದನ್ನು ನೆಡಿಸಿದ್ದ ಸಮಾಧಾನ ಎಂಬವನು ಅದರಡಿ ಸತ್ತಿದ್ದ. ಕಂಬವನ್ನು ನಾಲ್ಕು ಕಡೆಯಿಂದ ಬಿಗಿದು ನಿಲ್ಲಿಸಿದ್ದ ತಂತಿಗಳಲ್ಲಿ ಒಂದನ್ನು ಬಿಚ್ಚಿದವನು ಸತ್ತೆವ್ವನ ಗಂಡ, ಕುರಿ ಕಾಯುವ ಭೀಮಸಿ ಎಂದು ಅವನನ್ನು ಈ ಬೆಳಿಗ್ಗೆ ಹಿಡಿದು ತಂದೆವು. ಅವನ ಹೇಳಿಕೆ ಬರೆದವನು ನಾನು, ಶ್ರೀಪಾಲ, ಕರೆಮಡ್ಡಿ ಹೊರಠಾಣೆಯ ಹೆಡ್ ಕಾನ್‌ಸ್ಟೇಬಲ್. ಅವನ ಹೆಬ್ಬೆರಳನ್ನು ಶಾಯಿಗೆ ಒತ್ತಿದವನೂ ನಾನೇ. ನಾಳೆ ಹನ್ನೊಂದಕ್ಕೆ ಅವನನ್ನು ಅಥಣಿ ಕೋರ್ಟಿಗೆ ಒಯ್ಯಬೇಕು. ಅಷ್ಟರೊಳಗೆ ಬೇರೆ ಕಾಗದ ಹುಟ್ಟದಿದ್ದರೆ ಅವನ ಬಾಳು ಮುಗಿದಂತೆಯೇ.

ನಾನು ಸಿಕ್ಕಿಬಿದ್ದದ್ದು ಕಂಬದ ಬುಡದ ಬಳಿ ಕಟ್ಟಿದ್ದ, ಎಂಟಡಿ ಉದ್ದ ಎಂಟಡಿ ಅಗಲದ ಬ್ಯಾಟರಿ ಖೋಲಿಯಲ್ಲಿ. ಮೇಲೆ ತಗಡು. ಗೋಡೆಯ ತುದಿಯಲ್ಲಿ ಒಂದು ಇಟ್ಟಿಗೆಯಷ್ಟು ಕಿಂಡಿ. ಬ್ಯಾಟರಿಯ ಹೊಗೆ ಹೋಗಲೆಂದು ಸಮಾಧಾನ ಬಿಡಿಸಿದ್ದು. ಬ್ಯಾಟರಿ ಮಾತ್ರ ಇನ್ನೂ ಬಂದಿರಲಿಲ್ಲ, ಕಂಬದ ತುದಿಗೆ ಏರಿ ಕರೆಂಟು ಮಾಡಬೇಕಾದ ಗಾಳಿಚಕ್ರವೂ ಬಂದಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದ ಪುಣ್ಯಾತ್ಮ.

ಗೋಡೆಯ ಮೇಲೆ ಅವನೇ ಸೀಸದಕಡ್ಡಿಯಲ್ಲಿ ಲೆಕ್ಕ ಹಾಕಿದ್ದ. ದೀಪ ನಾಲ್ಕು. ಫ್ಯಾನ್ ಒಂದು. ಮಿಕ್ಸರ್, ದಿನಕ್ಕೆ ಹತ್ತು ನಿಮಿಷ. ಕೊನೆಗೆ, ಸುತ್ತ ಒಂದು ಗೆರೆ ಎಳೆದು: 'ಮಯೂರಿ ಓದುವ ದೀಪಕ್ಕೆ ಬೇರೆ ಲೈನ್.' ಮಯೂರಿ ಅವನ ಮಗಳು, ಈ ವರ್ಷ ಎಸ್ಸೆಸ್ಸೆಲ್ಸಿ. ಎರಡು ಸಾವಿರದ ಎಂಟರ ಆ ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಬೀಗರಂತೆ ಬಂದು ಹೋಗುತ್ತಿತ್ತು. ಆ ಗೆರೆಯ ಮೇಲೊಮ್ಮೆ ಬೆರಳಾಡಿಸಿದೆ.

ನನ್ನ ಎದುರಿಗೆ ಗೋಡೆಗೊರಗಿ ನಿಂತಿದ್ದವನು ದಶರಥ ಮಾಸ್ತರ. ಸತ್ತವನ ದೊಡ್ಡಪ್ಪನ ಮಗ, ಇದೇ ಊರಿನ ಶಾಲೆಯಲ್ಲಿ ಪಾಠ ಹೇಳುವವನು. ಸತ್ತೆವ್ವ ಕಾಡಿದ್ದಕ್ಕೆ, ಅವನು ಬರೆದ ಗಾಳಿಯ ಪುಸ್ತಕದ ಬಗ್ಗೆ ಕೇಳಲು ನಾನೇ ಅವನನ್ನು ಇಲ್ಲಿಗೆ ಕರೆತಂದಿದ್ದೆ. ಅವನು ಬಾಗಿಲನ್ನು ಎರಡು ಸಲ ಒದ್ದ. ಕಬ್ಬಿಣದ ಬಾಗಿಲು, ಅವನ ಕಾಲಿಗೇ ಪೆಟ್ಟಾಯಿತು.

"ಹೊರಗ ಕೀಲಿ ಇದ್ದಿದ್ರ ನಾವ ಒಳಗ ಬರತಿರಲಿಲ್ಲ, ಇದೆಲ್ಲಾ ಆಗತಿರಲಿಲ್ಲರಿ," ಎಂದು ಬಾಗಿಲ ಬೀಗ ನೆನೆದು ಗೊಣಗಿದ. "ಇದಕ ಒಂದ ದೊಡ್ಡ ಹಿತ್ತಾಳಿ ಕೀಲಿ ಇತ್ತು. ಕಂಬಾ ಬಿದ್ದ ದಿನದಿಂದ ಅದೂ ಇಲ್ಲ, ಅದರ ಕೀಲಿಕೈನೂ ಇಲ್ಲ."

"ಸಿಗತೈತಿ ಬಿಡ್ರಿ. ಮೊದಲ ಇದನ್ನ ನೋಡೂಣು."

ಚೀಲದಿಂದ ಗಾಳಿಯ ಪುಸ್ತಕ ಹೊರಗೆ ತೆಗೆದೆ. ಹೊತ್ತು ಐದೂವರೆ. ನಾನು ಜೈನ. ಸೂರ್ಯ ಮುಳುಗುವುದರೊಳಗೆ ನನಗೆ ಊಟ ಆಗಲೇಬೇಕು. ಮುಳುಗಿದ ಮೇಲೆ ಮಹಾರಾಜ ಕರೆದು ಬಡಿಸಿದರೂ ಒಲ್ಲೆ. ಖಾತೆಯಲ್ಲಿ ಇದಕ್ಕಾಗಿ ನನ್ನನ್ನು ಆಡಿಕೊಳ್ಳದವರಿಲ್ಲ. ಕಿಂಡಿಯ ಬಿಸಿಲು ಎದುರು ಗೋಡೆಯ ಮೇಲೆ ಆಗಲೇ ಮೊಳದಷ್ಟು ಮೇಲೇರಿತ್ತು. ಇಂದು ಉಪವಾಸವೇ ಗತಿ ಎಂದು ಹೊಟ್ಟೆಗೆ ತಿಳಿಯಿತು.

ಈ ಪುಸ್ತಕದ ಕತೆ ಇಷ್ಟು. ಮನೆಗೆ ಗಾಳಿಯ ಕರೆಂಟು ಬೇಕು ಎಂದು ಸಮಾಧಾನ ಹೊರಟಾಗ ನಿಪ್ಪಾಣಿಯ ಫಿಟ್ಟರನೊಬ್ಬ ಒಳ್ಳೆಯ ಮಾತು ಹೇಳಿದ್ದ: ಚಕ್ರ ಆಮೇಲೆ ತರ್ರಿ, ಮೊದಲು ಒಂದು ವರ್ಷ ನಿಮ್ಮ ಗಾಳಿ ಅಳೀರಿ. ಅದಕ್ಕೇ ಈ ಕಂಬ, ತುದಿಯಲ್ಲಿ ತಿರುಗುವ ಮೂರು ಬಟ್ಟಲು, ಬುಡದಲ್ಲಿ ವೇಗ ತೋರಿಸುವ ಮುಳ್ಳು. ಸಮಾಧಾನ ಸಕ್ಕರೆ ಕಾರ್ಖಾನೆಯ ನೌಕರ, ಭಾನುವಾರಕ್ಕೊಮ್ಮೆ ಬರುವವನು. ದಿನಕ್ಕೆ ಮೂರು ಸಲ ಮುಳ್ಳು ನೋಡಿ ಬರೆಯುವ ಕೆಲಸ ದಶರಥ ಮಾಸ್ತರನ ಪಾಲಿಗೆ ಬಂತು.

"ಮಾಸ್ತರ, ಏಳ ತಿಂಗಳದಾಗ ಒಂದ ದಿನಾನೂ ಗಾಳಿ ನಿಂತಿಲ್ಲೇನ್ರಿ?"

"ಮಡ್ಡಿ ಮ್ಯಾಲ ಗಾಳಿ ಇರೂದರಿ."

"ದೀಪಾವಳಿ ಪಾಡ್ಯಾ ದಿನಾನೂ ಮೂರ ಸಲ ಬಂದೀರಿ. ಜ್ವರಾ ಬಂದ ಎಂಟ ದಿನಾ ಶಾಲಿಗೆ ರಜಾ ಹಾಕಿದ್ರಿ, ಆ ಎಂಟೂ ದಿನಾ ಬಂದೀರಿ. ಒಂದ ಕಡೇನೂ ಅಳಿಸಿಲ್ಲ, ತಿದ್ದಿಲ್ಲ. ಹಾಳಿಗೆ ಒಂದ ಹನಿ ಬೆವರ ಬಿದ್ದಿಲ್ಲ."

ಮಾಸ್ತರ ಕಿಂಡಿಯ ಕಡೆ ಮುಖ ತಿರುಗಿಸಿದ.

ನನಗೆ ಇಂಥ ಪುಸ್ತಕ ಮೂಸಿದರೆ ಸಾಕು. ನಿಜವಾಗಿ ಬರೆದ ದಫ್ತರದಲ್ಲಿ ತೂತುಗಳಿರುತ್ತವೆ. ಒಂದು ದಿನ ಪೆನ್ನು ಸಿಕ್ಕಿರುವುದಿಲ್ಲ, ಒಂದು ದಿನ ಮನಸ್ಸಿರುವುದಿಲ್ಲ. ಒಂದೇ ಸಲ ಕೂತು ವಾರದ್ದು ತುಂಬಿದ್ದು ಮದುವೆ ಹೆಣ್ಣಿನ ಹಾಗೆ ಲಕ್ಷಣವಾಗಿರುತ್ತದೆ. ಕಳ್ಳ ಬರಹ ಕಳ್ಳ ಬರಹಗಾರನಿಗೆ ಬೇಗ ಕಾಣುತ್ತದೆ ಎನ್ನಿ, ಬೇಜಾರಿಲ್ಲ.

ಕೊನೆಯ ಬರಹದ ಮೇಲೆ ಬೆರಳಿಟ್ಟು ಓದಿದೆ.

"ಸಂಜೆ ಆರು. ಗಾಳಿ ಹದಿನಾಲ್ಕು. ತಂತಿ ನಾಲ್ಕೂ ಬಿಗಿ."

ಭೀಮಸಿಯ ಕೊರಳಿಗೆ ಬಿದ್ದ ಹಗ್ಗ ಈ ಸಾಲೇ. ಆರಕ್ಕೆ ತಂತಿ ಬಿಗಿ ಇದ್ದವು. ಆರೂವರೆಗೆ ಕಂಬ ಬಿತ್ತು. ಹಾಗಾದರೆ ನಡುವಿನ ಅರ್ಧ ತಾಸಿನಲ್ಲಿ ಯಾರೋ ಒಂದು ತಂತಿಯ ಬೋಲ್ಟು ಬಿಚ್ಚಿದರು, ಉಳಿದದ್ದನ್ನು ಗಾಳಿ ನೋಡಿಕೊಂಡಿತು. ಅಂದೇ ಮಧ್ಯಾಹ್ನ ಭೀಮಸಿಯ ಕುರಿಯೊಂದು ಆ ತಂತಿಗೆ ಸಿಕ್ಕು ಕಾಲು ಮುರಿದುಕೊಂಡಿತ್ತು. 'ಈ ಕಂಬಾ ಕಿತ್ತ ಒಗಿತೇನಿ' ಎಂದು ಅವನು ಹತ್ತು ಮಂದಿಯ ಮುಂದೆ ಕೂಗಿದ್ದ. ಇನ್ನೇನು ಬೇಕು? ನಮ್ಮ ಎಎಸ್‌ಐ ಸತ್ಯಪ್ಪ ಸಾಹೇಬರು ಎರಡೇ ದಿನದಲ್ಲಿ ಪ್ರಕರಣದ ಗಂಟು ಕಟ್ಟಿದರು.

"ಸತ್ತೆವ್ವಾ," ಎಂದು ಬಾಗಿಲ ಸಂದಿಗೆ ಬಾಯಿಟ್ಟು ಕೇಳಿದೆ. "ಆ ಸಂಜಿಕ ನೀ ಎಲ್ಲಿದ್ದಿ? ಮಾಸ್ತರಗ ಕೇಳೂವಂಗ ಹೇಳ."

"ಕಣದಾಗರಿ. ಜ್ವಾಳದ ರಾಶಿ ಮುಂದ."

"ತೂರಿದ್ರೇನು?"

"ಎಲ್ಲಿ ತೂರೂದರಿ? ಮುಂಜಾನಿಂದ ತೂರೂ ಮರಾ ಹಿಡಕೊಂಡ ಕುಂತಿದ್ವಿ. ಗಾಳಿ ಅನ್ನೂದು ಸತ್ತ ಹೋಗಿತ್ತು. ಮಧ್ಯಾಹ್ನಕ ಬಂದೀತು, ಹೊತ್ತ ಮುಳುಗಿದ್ರ ಬಂದೀತು ಅಂತ ಕಾದ್ವಿ. ಮ್ಯಾಲಿಂದ ಒಂದ ಮರಾ ಸುರುವಿ ನೋಡಿದ್ನಿ, ಹೊಟ್ಟ ನನ್ನ ಕಾಲ ಮ್ಯಾಲs ಬಿತ್ತು. ಬಾಜೂಕಿನ ಕಮಲಾಬಾಯಿ ಕಣದಾಗೂ ಹಂಗs. ಆವಾಗ ಮಡ್ಡಿ ಕಡಿಂದ ಧಡ್ ಅಂತ ಸಪ್ಪಳಾತು."

ರಾಶಿ ಮುಂದಿಟ್ಟುಕೊಂಡು ಗಾಳಿ ಕಾಯುವ ಒಕ್ಕಲಿಗ ಎಲ್ಲವನ್ನೂ ಮರೆತಾನು, ಗಾಳಿ ಕೈಕೊಟ್ಟ ದಿನವನ್ನು ಮರೆಯಲಾರ. ಆ ಸಂಜೆ ಊರಿನ ಅಷ್ಟೂ ಕಣಗಳಲ್ಲಿ ರಾಶಿ ತೂರದೆ ಉಳಿದಿತ್ತು. ಊರೆಲ್ಲ ಬಾಯಿಬಿಟ್ಟು ಆಕಾಶ ನೋಡುತ್ತಿದ್ದಾಗ ಮಾಸ್ತರನ ಪುಸ್ತಕದಲ್ಲಿ ಮಾತ್ರ ಗಾಳಿ ಹದಿನಾಲ್ಕು ಬೀಸಿತ್ತು.

"ಏನ್ ಹೇಳ್ತೀರಿ, ಮಾಸ್ತರ?"

ಅವನು ಗೋಡೆ ಸವರಿಕೊಂಡು ಕೆಳಗೆ ಕುಳಿತ. ಪಾಠ ಹೇಳುವ ಮನುಷ್ಯ ಪಾಠ ಒಪ್ಪಿಸಲಾರದ ಹುಡುಗನ ಹಾಗೆ ನೆಲ ನೋಡಿದ.

"ನಾ ಕಂಬದ ಕಡೆ ಹೋಗಿ ಹದಿನೈದ ದಿನಾ ಆಗಿತ್ರಿ. ಮೊದಲ ಒಂದ ತಿಂಗಳ ಖರೇ ಬರದ್ನಿ. ಆಮ್ಯಾಲ ಬ್ಯಾಸರಾತು. ಆಗೊಮ್ಮಿ ಈಗೊಮ್ಮಿ ಹ್ವಾದ್ರ ಹ್ವಾದ್ನಿ, ಬಾಕಿದ್ದೆಲ್ಲಾ ಮನ್ಯಾಗ ಕುಂತ ಬರದ್ನಿ. ತಮ್ಮ ಭಾನುವಾರ ಬಂದು ಪುಸ್ತಕಾ ನೋಡಿ ಎಷ್ಟ ಖುಷಿ ಪಡತಿದ್ದ ಗೊತ್ತೇನ್ರಿ? 'ಅಣ್ಣಾ, ನಮ್ಮ ಮಡ್ಡಿ ಬಂಗಾರ ಅದು' ಅಂತಿದ್ದ. ಅವನ ಮುಂದ ಖರೇ ಹೇಳಾಕ ನನಗ ಬಾಯಿ ಬರಲಿಲ್ಲ."

"ಆರ ಗಂಟೇಕ ಎಲ್ಲಿದ್ರಿ?"

"ಶಾಲ್ಯಾಗ. ಹತ್ತನೇತ್ತೆ ಹುಡುಗೂರಿಗೆ ಗಣಿತ ಹೇಳತಿದ್ನಿ. ಎಂಟ ಮಂದಿ ಇದ್ರು, ಯಾರನ್ನರ ಕೇಳ್ರಿ. ಮಯೂರಿನೂ ಇದ್ಲರಿ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅವರಪ್ಪ ಇಲ್ಲಿ ಸಾಯೂ ಹೊತ್ತಿಗೆ ಆಕಿ ನನ್ನ ಮುಂದ ಕುಂತ ಲೆಕ್ಕಾ ಬಿಡಸ್ತಿದ್ಲು."

ನನಗೆ ಅವನ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು. ಎರಡನ್ನೂ ನುಂಗಿಕೊಂಡೆ.

"ಹಂಗಾದ್ರ 'ತಂತಿ ನಾಲ್ಕೂ ಬಿಗಿ' ಅಂತ ಯಾಕ ಬರದ್ರಿ? ಬಾಕಿ ದಿನಾ ಎಲ್ಲೂ ತಂತಿ ಸುದ್ದಿ ಬರದಿಲ್ಲ."

"ಆ ಸಂಜಿಂದು ಖಾಲಿನ ಇತ್ರಿ. ಮರುದಿನಾ ಸತ್ಯಪ್ಪ ಸಾಹೇಬ್ರು ಪುಸ್ತಕಾ ನೋಡಿ, 'ಖಾಲಿ ಬಿಟ್ರ ನಿನ್ನ ಕುತಗಿಗೆ ಬರತೈತಿ, ತುಂಬು' ಅಂದ್ರು. ಏನ್ ತುಂಬಬೇಕು ಅನ್ನೂದನ್ನೂ ಅವರs ಹೇಳಿದ್ರು."

ನಾನು ಇದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ನಮ್ಮ ಖಾತೆಯಲ್ಲಿ ಖಾಲಿ ಜಾಗ ಕಂಡರೆ ಯಾರಿಗೂ ಆಗದು.

ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಗಾಳಿ ಇರಲಿಲ್ಲ. ನಾಲ್ಕು ತಂತಿಯ ಕಂಬ ಒಂದು ತಂತಿ ಬಿಚ್ಚಿದ ಮಾತ್ರಕ್ಕೆ, ಅದೂ ಗಾಳಿಯಿಲ್ಲದೆ, ಬೀಳುವುದಿಲ್ಲ. ಎದುರು ಬದಿಯ ತಂತಿ ಹಿಡಿದು ಒಬ್ಬ ಜಗ್ಗಬೇಕು. ಅಂದರೆ ಕಂಬ ಬಿದ್ದ ಗಳಿಗೆಯಲ್ಲಿ ಕೊಂದವನು ಅಲ್ಲೇ ನಿಂತಿದ್ದ, ತಂತಿಗೆ ಕೈ ಹಚ್ಚಿ. ಸೂರ್ಯ ಮುಳುಗುವಾಗ ಯಾರು ಎಲ್ಲಿದ್ದರು? ಇಷ್ಟೇ ಪ್ರಶ್ನೆ. ಇಷ್ಟು ಸರಳ ಪ್ರಶ್ನೆ ಕೈಗೆ ಸಿಕ್ಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಬರೀತೇನಿ ಸತ್ತೆವ್ವಾ!" ಎಂದು ಕೂಗಿದೆ. "ಮಾಸ್ತರನ ಹೇಳಿಕಿ ಈಗs ಬರೀತೇನಿ."

ಬಿಳಿ ಹಾಳೆಗಾಗಿ ಚೀಲಕ್ಕೆ ಕೈ ಹಾಕಿದೆ. ಹಾಳೆಯ ಜೊತೆ ಒಂದು ಸಣ್ಣ ಹಿತ್ತಾಳೆ ಗಂಟೆಯೂ ಬಂದು ನೆಲಕ್ಕೆ ಬಿತ್ತು, ಠಣ್ ಠಣ್ ಎಂದು ಮೂಲೆಗೆ ಉರುಳಿತು. ಕಾಗದ ಹಾರದಂತೆ ಮೇಲಿಡಲು ಇಟ್ಟುಕೊಂಡದ್ದು. ಯಾರದೋ, ಎಲ್ಲಿಯದೋ, ಠಾಣೆಯ ಮೇಜಿನ ಮೇಲೆ ಸಿಕ್ಕಿತ್ತು.

ಹೊರಗೆ ಸತ್ತೆವ್ವ ಎದ್ದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು.

"ರೈಟರಪ್ಪಾ. ಆ ಗಂಟಿ ಇನ್ನೊಮ್ಮಿ ಬಾರಿಸ್ರಿ."

"ಯಾಕ?"

"ಬಾರಿಸ್ರಿ ಅಂದ್ನಿ."

ಬಾರಿಸಿದೆ.

"ಅದು ನಮ್ಮ ಬೋಳಿ ಕುರೀದು," ಎಂದಳು. "ಕಾಲ ಮುರಕೊಂಡಿತಲ್ಲ, ಅದರದು. ಐವತ್ತ ಗಂಟಿ ಕೂಡಿ ಬಾರಿಸಿದ್ರೂ ನಮ್ಮವು ಯಾವು ಅಂತ ಹೇಳ್ತೇನಿ. ನನ್ನ ಗಂಡ ಅದರ ಕೊರಳಾಗಿಂದ ಬಿಚ್ಚಿಕೊಂಡ ಹೋಗಿದ್ದ. 'ಠಾಣೇಕ ಹೋಗಿ ಫಿರ್ಯಾದಿ ಕೊಡ, ಸಾಕ್ಷಿಗಿ ಗಂಟಿ ತೋರಸ' ಅಂತ ನಾನs ಕಳಿಸಿದ್ನಿ. ಐದ ಗಂಟೇಕ ಹ್ವಾದ. ಅಲ್ಲಿ ಯಾರೂ ಇರಲಿಲ್ಲಂತ. ಹೊತ್ತ ಮುಳಗೂ ತನಕಾ ಕುಂತು, ತೆರದಿಟ್ಟ ದಫ್ತರದ ಮ್ಯಾಲ ಗಂಟಿ ಇಟ್ಟ ಬಂದ. ಎಷ್ಟ ಸಲ ಹೇಳಿದ್ವಿರಿ! ನೀವ ಬರೀಲಿಲ್ಲ!"

ಮಾಸ್ತರ ತಲೆಯೆತ್ತಿ ನನ್ನನ್ನು ನೋಡಿದ. ನನಗೆ ಅವನ ಕಣ್ಣು ಎದುರಿಸಲಾಗಲಿಲ್ಲ.

ಭೀಮಸಿ ಹೇಳಿದ್ದು ನಿಜ. ಈ ಬೆಳಿಗ್ಗೆ, ಕೈಮುಗಿದು, ಎರಡು ಸಲ. 'ನಾ ಠಾಣೇಕ ಬಂದಿದ್ನಿರಿ.' ಸತ್ಯಪ್ಪ ಸಾಹೇಬರು ನನ್ನ ಕಡೆ ತಿರುಗಿ, 'ಶ್ರೀಪಾಲ, ಡೈರಿಯೊಳಗ ಐತೇನು?' ಎಂದು ಕೇಳಿದರು. 'ಇಲ್ಲರಿ' ಎಂದೆ. ಅದು ಸುಳ್ಳಲ್ಲ. ಡೈರಿಯಲ್ಲಿ ಇರಲಿಲ್ಲ.

ಡೈರಿಯಲ್ಲಿ ಏನಿತ್ತು? ನನ್ನದೇ ಮುದ್ದಾದ ಅಕ್ಷರಗಳಲ್ಲಿ: 'ಸಂಜೆ ಐದರಿಂದ ಏಳು. ಎಎಸ್‌ಐ ಮತ್ತು ರೈಟರ್ ಹಾಜರ್. ಯಾರೂ ಬಂದಿಲ್ಲ.'

ಅದನ್ನು ಬರೆದದ್ದು ಐದಕ್ಕಿಂತ ಮೊದಲು. ದಿನಾ ಹಾಗೆಯೇ. ಊಟಕ್ಕೆ ಹೊರಡುವ ಮುಂಚೆ ಏಳರವರೆಗಿನದನ್ನು ತುಂಬಿಟ್ಟು ಹೋಗುತ್ತೇನೆ. ವರ್ಷಗಟ್ಟಲೆ ಇದರಿಂದ ಯಾರ ಕೂದಲೂ ಕೊಂಕಿರಲಿಲ್ಲ. ಏಳಕ್ಕೆ ಹಿಂದಿರುಗಿದಾಗ ತೆರೆದ ಡೈರಿಯ ಮೇಲೆ ಗಂಟೆ ಕುಳಿತಿತ್ತು. ಹೋಗುವಾಗ ಇರಲಿಲ್ಲ. ಎತ್ತಿ ಪಕ್ಕಕ್ಕಿಟ್ಟೆ, ಅಷ್ಟೇ. ಯಾರದು ಎಂದು ಕೇಳಲೂ ಇಲ್ಲ.

ಮಾಸ್ತರ ಹದಿನಾಲ್ಕು ಗಾಳಿ ಬೀಸಿಸಿದ. ನಾನು ಖಾಲಿ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದೆ. ಅವನ ಸುಳ್ಳು ಭೀಮಸಿಯನ್ನು ಕಂಬದ ಬುಡಕ್ಕೆ ಎಳೆದು ತಂದರೆ, ನನ್ನ ಸುಳ್ಳು ಅವನು ಓಡಿ ಪಾರಾಗಬಹುದಾಗಿದ್ದ ಒಂದೇ ಬಾಗಿಲಿಗೆ ಚಿಲಕ ಹಾಕಿತ್ತು.

"ಬರೀರಿ ರೈಟರ ಸಾಹೇಬ್ರ," ಎಂದ ದಶರಥ ಮೆಲ್ಲಗೆ. ಕುಹಕ ಇರಲಿಲ್ಲ, ಅದೇ ಹೆಚ್ಚು ನೋಯಿಸಿತು. "ನಂದೂ ಬರೀರಿ. ನಿಮ್ಮದೂ ಬರೀರಿ."

ಬರೆದರೆ ನೌಕರಿ ಹೋಗುತ್ತದೆ. ಸುಳ್ಳು ದಫ್ತರ ಎಂದು ನನ್ನ ಮೇಲೇ ಕೇಸು ಬೀಳುತ್ತದೆ. ಬರೆಯದಿದ್ದರೆ ನಾಳೆ ಹನ್ನೊಂದಕ್ಕೆ ಭೀಮಸಿ. ಕಿಂಡಿಯ ಬಿಸಿಲು ತಗಡಿಗೆ ತಾಗಿ ಕೆಂಪಾಗಿತ್ತು. ಈ ಖೋಲಿಗೆ ಒಂದೇ ಬಾಗಿಲು ಎಂದು ಆಗ ಸರಿಯಾಗಿ ಅರ್ಥವಾಯಿತು.

ಹಾಳೆಯನ್ನು ಮೊಣಕಾಲ ಮೇಲಿಟ್ಟು ಬರೆದೆ. 'ಕಂಬ ಬಿದ್ದ ಸಂಜೆ ಐದರಿಂದ ಏಳರವರೆಗೆ ನಾನು ಠಾಣೆಯಲ್ಲಿ ಇರಲಿಲ್ಲ.' ಅಷ್ಟು ವರ್ಷದಲ್ಲಿ ನನ್ನ ಬಗ್ಗೆ ನಾನೇ ಬರೆದುಕೊಂಡ ಮೊದಲ ನಿಜ. ಅಕ್ಷರ ಸೊಟ್ಟಗಾಯಿತು. ಕೆಳಗೆ ರುಜು ಹಾಕಿದೆ.

ಎರಡನೆಯ ಸಾಲು ಬರೆಯಲು ಹೋಗಿ ಪೆನ್ನು ನಿಂತಿತು.

ಭೀಮಸಿ ಬಂದಾಗ ಯಾರೂ ಇರಲಿಲ್ಲ. ಯಾರೂ ಅಂದರೆ ನಾನೊಬ್ಬನೇ ಅಲ್ಲ. ಎರಡನೆಯ ಕುರ್ಚಿಯೂ ಖಾಲಿಯಿತ್ತು.

ನನ್ನ ಊಟದ ವೇಳೆಗೆ ದಿನಾ ಗೊಣಗುವ ಸತ್ಯಪ್ಪ ಸಾಹೇಬರು ಅಂದು ತಾವಾಗಿಯೇ ಹೇಳಿದ್ದರು. 'ಇವತ್ತ ಲಗೂ ಹೋಗಿ ಉಣ್ಣೋ ಶ್ರೀಪಾಲ. ನಾ ಕುಂತಿರತೇನಿ. ಇಬ್ಬರೂ ಹಾಜರ್ ಅಂತ ಬರದ ಇಟ್ಟ ಹೋಗು.' ಬರೆದಿಟ್ಟು ಹೋದೆ. ಆ ಸಾಲು ನನ್ನ ಕುರ್ಚಿಯನ್ನಷ್ಟೇ ತುಂಬಲಿಲ್ಲ, ಅವರದನ್ನೂ ತುಂಬಿತ್ತು.

'ಏನ್ ತುಂಬಬೇಕು ಅನ್ನೂದನ್ನೂ ಅವರs ಹೇಳಿದ್ರು.'

ಹಾಳೆ ಹಿಡಿದೇ ಎದ್ದು ಬಾಗಿಲಿಗೆ ಹಾರಿದೆ.

"ಸತ್ತೆವ್ವಾ, ಚಿಲಕಾ ತಗಿ. ಲಗೂ ತಗಿ."

"ಓದಿ ಹೇಳ್ರಿ ಮೊದಲ."

ಅಷ್ಟರಲ್ಲಿ ಮಡ್ಡಿಯ ಏರಿನಲ್ಲಿ ಬೈಕಿನ ಸದ್ದು ಕೇಳಿತು. ಕೆಮ್ಮಿ ಕೆಮ್ಮಿ ಏರುವ ಆ ಗಾಡಿಯ ಗುರುತು ನನಗಿತ್ತು. ನಾನು ಇಲ್ಲಿಗೆ ಬಂದದ್ದು ಠಾಣೆಯ ಒಬ್ಬನಿಗೆ ಮಾತ್ರ ಗೊತ್ತಿತ್ತು. ಸಾಹೇಬರು ಅವನನ್ನು ಕೇಳಿರಬೇಕು.

ಬೈಕು ಬಾಗಿಲ ಮುಂದೆಯೇ ನಿಂತಿತು.

"ಯಾರನ್ನ ಕೂಡಿ ಹಾಕೀದಿ ಸತ್ತೆವ್ವಾ?" ಸತ್ಯಪ್ಪ ಸಾಹೇಬರ ದನಿ, ನಗುನಗುತ್ತಾ.

ನಾನು ಬಾಯಿ ತೆರೆಯುವುದರೊಳಗೆ ಆಕೆ ಹೇಳಿಬಿಟ್ಟಳು. ಪಾಪ, ಅವಳಿಗೇನು ಗೊತ್ತು? ಅವಳ ದನಿಯಲ್ಲಿ ಬೆಳಗಿನಿಂದ ಮೊದಲ ಸಲ ಹುಟ್ಟಿದ ಆಸೆ.

"ನಿಮ್ಮ ರೈಟರಪ್ಪಾರು ಅದಾರ್ರಿ, ಮಾಸ್ತರೂ ಅದಾರು. ಖರೇ ಬರಿಯಾಕತ್ತಾರ್ರಿ ಸಾಹೇಬ್ರ! ಆ ಸಂಜಿಕ ನನ್ನ ಗಂಡ ನಿಮ್ಮ ಠಾಣ್ಯಾಗ ಇದ್ದ ಅನ್ನಾಕ ಸಾಕ್ಷಿ ಸಿಕ್ಕೈತಿ!"

ಹೊರಗೆ ಬೈಕಿನ ಸ್ಟ್ಯಾಂಡು ಹಾಕಿದ ಸದ್ದಾಯಿತು.

"ಭಾಳ ಚಲೋ ಆತು," ಎಂದರು ಸತ್ಯಪ್ಪ. "ನಡಿ, ಗಾಡಿ ಮ್ಯಾಲ ಕೂಡು. ಈಗಿಂದೀಗ ನಿನ್ನ ಗಂಡನ ಕಡೆ ಕರಕೊಂಡ ಹೋಗತೇನಿ. ಮಾಸ್ತರ ಓಡಿ ಹೋಗಬಾರದು, ತಡಿ."

ಚಿಲಕದ ಮೇಲೆ ಏನೋ ಭಾರದ್ದು ತೂಗುಬಿತ್ತು. ಕಟ್ ಎಂದಿತು. ನನ್ನ ಪಕ್ಕದಲ್ಲಿ ದಶರಥ ಬಾಗಿಲಿಗೆ ಕಿವಿ ಹಚ್ಚಿದ.

"ನಮ್ಮ ಹಿತ್ತಾಳಿ ಕೀಲಿ," ಎಂದು ಪಿಸುಗುಟ್ಟಿದ. "ಆ ಸಪ್ಪಳಾ ನನಗ ಗೊತ್ತರಿ."

"ಸತ್ತೆವ್ವಾ, ಹೋಗಬ್ಯಾಡ!" ನಾನು ಬಾಗಿಲಿಗೆ ಮುಷ್ಟಿಯಿಂದ ಗುದ್ದಿದೆ. "ಗಾಡಿ ಹತ್ತಬ್ಯಾಡ ಬೇ!" ಬೈಕು ಗರ್ರ್ ಎಂದು ಶುರುವಾಗಿ ನನ್ನ ಕೂಗನ್ನು ನುಂಗಿತು. ಸದ್ದು ಇಳಿಜಾರಿನ ಕಡೆ ತಿರುಗಿತು.

ಮಾಸ್ತರನ ಹೆಗಲೇರಿ ಕಿಂಡಿಗೆ ಕೈ ತೂರಿಸಿ ಬೋಳಿ ಕುರಿಯ ಗಂಟೆಯನ್ನು ಹುಚ್ಚನ ಹಾಗೆ ಬಾರಿಸಿದೆ. ಐವತ್ತು ಗಂಟೆಗಳ ನಡುವೆ ಗುರುತಿಸುವವಳು ಒಂದು ಬೈಕಿನ ಸದ್ದಿನಾಚೆ ಕೇಳಲಾರಳೇ?

ಕೇಳಿದಳು. ಇಳಿಜಾರಿನ ಅರ್ಧದಲ್ಲಿ ಬೈಕು ನಿಂತಿತು.

ಬಾರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟೆವು. ಯಾರೋ ಮೇಲೆ ಹತ್ತಿ ಬರುತ್ತಿದ್ದರು. ಒಬ್ಬರೇ. ಸತ್ತೆವ್ವ ಬರಿಗಾಲಲ್ಲಿ ನಡೆಯುವವಳು. ಮಡ್ಡಿಯ ಕಲ್ಲಿನ ಮೇಲೆ ಕೇಳಿದ್ದು ಬೂಟಿನ ಸದ್ದು.